ನಾಲೆ ಏರಿಯ ದೊಡ್ಡವ್ವ

ಒಂದು ಮುದಿ ಹೆಣ್ಣಿಲಿ ಕೂಗಿಕೊಂಡರೆ ಇಡೀ ಏರಿ ಖಾಲಿಯಾಗುತ್ತದೆ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತು. ಆ ಕೂಗು ಕಿವಿಗೆ ಬಿದ್ದಿರಲಿಲ್ಲ, ಅಷ್ಟೆ. ನಮ್ಮಪ್ಪ ಗದ್ದೆ ಬದುಗಳಲ್ಲಿ ಇಲಿ ಹಿಡಿಯುತ್ತಿದ್ದ. ಬಾಲ ತಂದು ತೋರಿಸಿದರೆ ಸೊಸೈಟಿಯವರು ಕಾಸು ಕೊಡುತ್ತಿದ್ದರು. ಬಿಲದೊಳಗೆ ಇಲಿ ಕೂಡಿಟ್ಟ ತೆನೆ ನಮಗೇ. ಅದನ್ನು ಕುಟ್ಟಿ ಅವ್ವ ಅನ್ನ ಮಾಡುತ್ತಿದ್ದಳು. ಹಾಗೆ ನೋಡಿದರೆ ನಾನು ಇಲಿಯ ಮನೆಯ ಅನ್ನ ತಿಂದು ಬೆಳೆದವಳು. ಕೆಲವು ಏರಿಗಳಲ್ಲಿ ಎಷ್ಟು ಅಗೆದರೂ ಒಂದೂ ಸಿಗುತ್ತಿರಲಿಲ್ಲ. ‘ಯಾವಳೋ ಮುದುಕಿ ಯೋಳ್ಬುಟ್ಟವ್ಳೆ’ ಎಂದು ಅಪ್ಪ ಬೆವರು ಒರೆಸಿಕೊಂಡು ಮುಂದಿನ ಬದುವಿಗೆ ಹೋಗುತ್ತಿದ್ದ.

ಆ ಮುದುಕಿಯ ಮಾತನ್ನು ಪೆಟ್ಟಿಗೆಯಲ್ಲಿ ಹಿಡಿದಿಟ್ಟು, ನಮಗೆ ಬೇಕಾದಾಗ ಆಡಿಸಲು ಬಂದರೆ? ಡಾಕ್ಟರ್ ಇಂದುಮತಿಯವರು ಸರ್ಕಾರದ ಅನುದಾನ ತಂದು ನಮ್ಮ ಅರೆಕಟ್ಟೆಗೆ ಬಂದದ್ದು ಇದೊಂದೇ ಪ್ರಶ್ನೆ ಹೊತ್ತುಕೊಂಡು. ಬಿಲದ ಬಾಯಿ ನೋಡಿ ಒಳಗೆ ಎಷ್ಟಿವೆ, ಎಂಥವಿವೆ ಎಂದು ಹೇಳಬಲ್ಲವರಲ್ಲಿ ಊರಲ್ಲಿ ಆಗ ಉಳಿದಿದ್ದವಳು ನಾನೊಬ್ಬಳೇ. ಕೆಲಸಕ್ಕೆ ಕರೆದರು. ಹಳೇ ಬೀಜದ ಗೋದಾಮೇ ಪ್ರಯೋಗಾಲಯ. ಮೊದಲ ದಿನ ಮೇಡಂ ಕುರ್ಚಿ ತೋರಿಸಿ ಕೂರಿ ಅಂದರು. ನಾನು ನೆಲದ ಮೇಲೆ ಕೂತೆ. ಮೂರನೇ ದಿನ ಅವರೂ ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. ನಾಲ್ಕನೇ ದಿನದಿಂದ ಇಬ್ಬರೂ ಕುರ್ಚಿಯಲ್ಲಿ ಕೂತೆವು.

ಇಲಿಯ ಮಾತು ನಮ್ಮ ಕಿವಿಗೆ ಎಟುಕದಷ್ಟು ಕೀರಲು. ಶ್ರವಣಾತೀತ ಶಬ್ದ ಅನ್ನುತ್ತಾರಂತೆ. ಮೇಡಂ ಹತ್ತಿರ ಅಂಗೈಯಗಲದ ಒಂದು ಯಂತ್ರವಿತ್ತು. ಏರಿಯ ಹತ್ತಿರ ಹಿಡಿದರೆ ಅದರ ಪರದೆಯ ಮೇಲೆ ಗೆರೆಗಳು ಏಳುತ್ತಿದ್ದವು. ಮರಿ ತಾಯಿಯನ್ನು ಕರೆಯುವ ಗೆರೆ ಬೇರೆ, ಗಂಡು ಜಗಳಕ್ಕೆ ಬೀಳುವ ಗೆರೆ ಬೇರೆ. ಅಕ್ಷರ ಅಷ್ಟಾಗಿ ಬಾರದ ನಾನು ಆರು ತಿಂಗಳಲ್ಲಿ ಆ ಗೆರೆಗಳನ್ನು ಓದುವುದು ಕಲಿತೆ. ಓಡಿ ಎನ್ನುವ ಕೂಗು ಎತ್ತರಕ್ಕೆದ್ದು, ಮಟ್ಟಸವಾಗಿ ಸಾಗಿ, ಕೊನೆಗೆ ಮೂರು ಸಲ ಕುಗ್ಗುತ್ತದೆ.

ಆದರೆ ಯಾವುದೋ ಒಂದು ಇಲಿ ಕೂಗಿದರೆ ಉಳಿದವು ಓಡುವುದಿಲ್ಲ. ತಲೆಯೆತ್ತಿ ನೋಡುತ್ತವೆ, ಮತ್ತೆ ತಿನ್ನಲು ತೊಡಗುತ್ತವೆ. ಒಂದೊಂದು ಏರಿಗೂ ಒಬ್ಬಳು ಇರುತ್ತಾಳೆ. ಅವಳು ಕೂಗಿದರೆ ಮಾತ್ರ ಓಡುತ್ತವೆ. ಇದು ಮೇಡಂಗೆ ಯಂತ್ರದಿಂದ ಗೊತ್ತಾಯಿತು. ಅವಳು ಯಾರು ಎಂದು ಹುಡುಕಿಕೊಟ್ಟವಳು ನಾನು. ಎಲ್ಲ ಬಿಲಗಳ ಸವೆದ ದಾರಿ ಬಂದು ಸೇರುವ ಬಿಲ ಅವಳದು. ಕಿವಿ ಹರಿದಿರುತ್ತದೆ. ಹೊರಗೆ ಬರುವ ಮೊದಲು ಬಾಗಿಲಲ್ಲಿ ನಿಲ್ಲುತ್ತಾಳೆ. ನಮ್ಮ ನಾಲೆ ಏರಿಯವಳಿಗೆ ನಾನು ದೊಡ್ಡವ್ವ ಎಂದು ಹೆಸರಿಟ್ಟೆ. ಮೇಡಂ ಅದನ್ನೇ ಪುಸ್ತಕದಲ್ಲಿ ಬರೆದುಕೊಂಡರು.

ಅವಳ ಕೂಗು ಸಿಕ್ಕಿದ್ದು ನಮ್ಮ ಯಜಮಾನರಿಂದ. ಜವರಾಯಿ ಎಂದು ಅವರ ಹೆಸರು, ಊರಿನ ನೀರುಗಂಟಿ. ನಾಲೆಯ ತೂಬು ಎತ್ತಿ ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುವುದು ಅವರ ಕೆಲಸ. ಸರದಿಯ ದಿನ ನೀರು ನುಗ್ಗಿ ಏರಿಯ ಬಿಲಗಳ ಬಾಯಿ ಮುಟ್ಟಿದಾಗ ದೊಡ್ಡವ್ವ ಕೂಗಿದಳು, ನಮ್ಮ ಯಂತ್ರ ಹಿಡಿದುಕೊಂಡಿತು. ಆಮೇಲೆ ಏರಿಯುದ್ದಕ್ಕೂ ನಾಲ್ಕು ಕಡೆ ಪುಟ್ಟ ಸ್ಪೀಕರ್ ಹೂತೆವು. ಒತ್ತುವ ಗುಂಡಿಯಿದ್ದ ಪೆಟ್ಟಿಗೆ ನನ್ನ ಕೈಗೆ ಬಂತು. ಊರವರು ಅದನ್ನು ಕೂಗುಪೆಟ್ಟಿಗೆ ಅಂದರು.

ಭತ್ತ ಹೊಡೆ ಬಿಚ್ಚಿ ತೆನೆ ಹೊರಬರುವ ಹೊತ್ತಿಗೆ ಇಲಿ ದಂಟು ಕತ್ತರಿಸಲು ಶುರುಮಾಡುತ್ತದೆ. ಆಗ ಒಂದೇ ಒಂದು ಸಲ, ನೀರು ಬರುವ ಒಂದು ಗಂಟೆ ಮೊದಲು ಗುಂಡಿ ಒತ್ತಬೇಕು. ಇಲಿಗಳು ಮರಿ ಕಚ್ಚಿಕೊಂಡು ಗದ್ದೆಯಾಚೆಯ ಪಾಳು ದಿಬ್ಬಕ್ಕೆ ಹೋಗುತ್ತವೆ. ಹಿಂದೆಯೇ ನೀರು ಬರುತ್ತದೆ. ದೊಡ್ಡವ್ವ ಹೇಳಿದ್ದು ನಿಜವಾಯಿತು ಎಂದು ನಂಬಿ ಒಂದು ತಿಂಗಳು ಏರಿಯ ಕಡೆ ತಲೆ ಹಾಕುವುದಿಲ್ಲ. ಅಷ್ಟರಲ್ಲಿ ಕಾಳು ಗಟ್ಟಿಯಾಗಿ ಕೊಯ್ಲು ಆಗಿರುತ್ತದೆ. ಹೀಗೆ ಎರಡು ಬೆಳೆ ಉಳಿದವು. ಮೂರನೆಯ ಬೆಳೆಗೆ ಏರಿಯ ಕೆಳಗಿನ ನಲವತ್ತು ಎಕರೆ ಗದ್ದೆಯವರು ಯಾರೂ ವಿಷ ಇಡಲೇ ಇಲ್ಲ. ಪೆಟ್ಟಿಗೆಯನ್ನು ನಂಬಿದ್ದರು.

ಪಕ್ಕದ ಊರಿನ ಕಥೆ ಬೇರೆಯಾಯಿತು. ಅಲ್ಲೂ ಸ್ಪೀಕರ್ ಹೂತಿದ್ದೆವು. ನೋಡಲು ಬಂದ ಬಂದವರಿಗೆಲ್ಲ ಅಲ್ಲಿಯವರು ಗುಂಡಿ ಒತ್ತಿ ತೋರಿಸಿದರು. ಮೊದಲ ಸಲ ಇಲಿಗಳು ಓಡಿದವು. ಸಂಜೆ ಎರಡು ಗಂಡು ಬಂದು ಬಿಲ ಮೂಸಿ ನೋಡಿದವು. ಬಿಲ ಇದ್ದ ಹಾಗೇ ಇತ್ತು. ಎಲ್ಲವೂ ಮರಳಿದವು. ಎರಡನೇ ಸಲ ಅರ್ಧ ಓಡಿದವು. ಮೂರನೇ ಸಲ ಒಂದೂ ಅಲ್ಲಾಡಲಿಲ್ಲ. ಆಮೇಲೆ ನಿಜವಾಗಿ ನೀರು ಬಂದ ದಿನ ಅಲ್ಲಿನ ಮುದುಕಿಯೇ ಕೂಗಿದರೂ ಯಾರೂ ಕೇಳಲಿಲ್ಲ. ಎಷ್ಟೋ ಮರಿಗಳು ಮುಳುಗಿದವು, ಉಳಿದ ಇಲಿಗಳು ಬೆಳೆಯನ್ನು ನುಣ್ಣಗೆ ಮಾಡಿದವು. ಅವತ್ತು ಮೇಡಂ ಊಟ ಮಾಡಲಿಲ್ಲ.

‘ನಾವು ಕೆಡಿಸಿದ್ದು ಅವಳ ಹೆಸರನ್ನ, ತಾಯಮ್ಮ,’ ಅಂದರು. ಅವರು ನನ್ನನ್ನು ಚಿಕ್ಕತಾಯಮ್ಮ ಎಂದು ಪೂರ್ತಿ ಕರೆಯುವುದು ಬಿಟ್ಟು ಆಗಲೇ ಬಹಳ ದಿನವಾಗಿತ್ತು.

ಆ ವರ್ಷ ಹೊಡೆ ಬಿಚ್ಚುವ ಕಾಲಕ್ಕೆ ಸರಿಯಾಗಿ ಕಾಗದ ಬಂತು. ಅನುದಾನದ ಮೂರು ವರ್ಷ ಮುಗಿಯಿತು, ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಸಮಿತಿಯವರು ಬುಧವಾರ ಬರುತ್ತಾರೆ. ನಮ್ಮ ನೀರಿನ ಸರದಿ ಅದಾಗಿ ಎಂಟು ದಿನಕ್ಕೆ, ಮುಂದಿನ ವಾರದ ಗುರುವಾರ. ಮೇಡಂ ನಾಲ್ಕು ಸಲ ಫೋನು ಮಾಡಿದರು. ದಿನ ಬದಲಾಗಲಿಲ್ಲ.

ಸಂಜೆ ಅವರು ನಮ್ಮ ಮನೆಗೆ ಊಟಕ್ಕೆ ಬಂದರು. ಬಂದ ಹೊಸದರಲ್ಲಿ ಮುದ್ದೆಯನ್ನು ಅಗಿದು ಅಗಿದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದವರು ಈಗ ನಮಗಿಂತ ಚೆನ್ನಾಗಿ ನುಂಗುತ್ತಿದ್ದರು. ಅವತ್ತು ಮಾತ್ರ ಸಾರಿನಲ್ಲಿ ಬೆರಳಾಡಿಸುತ್ತ ಕೂತಿದ್ದರು.

‘ಯಾಕ್ ಮೇಡಮ್ಮೋರೆ, ಉಪ್ಪು ಕಮ್ಮಿಯಾ?’ ಯಜಮಾನರು ಕೇಳಿದರು.

‘ಇಲ್ಲ ಜವರಾಯಪ್ಪ. ಬುಧವಾರ ಏನ್ ತೋರಿಸ್ಲಿ ಅಂತ ಯೋಚನೆ.’

‘ಹಿಂದಿನ್ ಎರಡು ಬೆಳೆ ಲೆಕ್ಕ ತೋರ್ಸಿ.’

‘ಕಾಗದ ನೋಡಿ ಸಾಕಾಗಿದೆ, ಕಣ್ಣಾರೆ ನೋಡ್ಬೇಕು ಅಂತಾರೆ.’

‘ಕಣ್ಣಾರೆ ನೋಡೋರು ಸರದಿ ದಿನ ಬರ್ಬೇಕಪ್ಪ. ನನ್ ತೂಬಿಗೇ ಸರದಿ ಐತೆ, ಇವಳ ಇಲಿಗೆ ಇರಬಾರದಾ?’

‘ಅನುದಾನ ನಿಂತ್ರೆ ನೀವು ಎಲ್ಲಿಗೆ ಓಯ್ತೀರಿ?’ ನಾನು ಕೇಳಿದೆ.

‘ಎಲ್ಲಿಗೆ ಹಾಕ್ತಾರೋ ಅಲ್ಲಿಗೆ. ಕೋಳಿ ರೋಗದ ಕಡೆಗೋ ಏನೋ.’

ಅವರು ನಗಲು ನೋಡಿದರು. ನನಗೆ ನಗು ಬರಲಿಲ್ಲ. ಐವತ್ತೆರಡು ವರ್ಷದಲ್ಲಿ ನನ್ನ ಮಾತು ಬರೆದಿಟ್ಟುಕೊಂಡವರು ಅವರೊಬ್ಬರೇ. ಅವರು ಹೋದರೆ ಗೋದಾಮಿಗೆ ಬೀಗ, ನನ್ನ ಕೈಗೆ ಮತ್ತೆ ಬಾಲದ ಚೀಲ.

ಬುಧವಾರ ಹತ್ತು ಗಂಟೆಗೆ ಕಾರು ಬಂತು. ಮೂವರಲ್ಲಿ ಮಾತಾಡುತ್ತಿದ್ದವರು ಒಬ್ಬರೇ, ಅಧ್ಯಕ್ಷರು, ಪರಮಶಿವಯ್ಯ ಎಂದು. ವಯಸ್ಸಾದವರು, ಒರಟರೇನಲ್ಲ. ಬಿಸಿಲಲ್ಲಿ ಏರಿಯ ಮೇಲೆ ನಿಂತು ಫೈಲು ತಿರುವಿದರು.

‘ಡಾಕ್ಟ್ರೇ, ಸತ್ತ ಇಲಿಗಳ ಸಂಖ್ಯೆ ಅನ್ನೋ ಕಡೆ ಮೂರು ವರ್ಷವೂ ಸೊನ್ನೆ ಇದೆಯಲ್ಲಮ್ಮ?’

‘ಸಾಯಿಸಿಲ್ಲ ಸರ್. ಬೆಳೆ ಇರೋವಾಗ ಗದ್ದೆಯಿಂದ ದೂರ ಇಡ್ತೀವಿ.’

‘ಒಳ್ಳೇದು. ಎಲ್ಲಿ, ದೂರ ಇಡಿ ನೋಡೋಣ.’

‘ಇವತ್ತು ಆಗಲ್ಲ ಸರ್. ಇನ್ನು ಎಂಟು ದಿನಕ್ಕೆ ನೀರು ಬರುತ್ತೆ, ಅವತ್ತು ಬನ್ನಿ. ಅಪಾಯ ಇಲ್ಲದಾಗ ಈ ಕೂಗು ಹಾಕಿದ್ರೆ ಇನ್ಮೇಲೆ ಅವು ನಂಬಲ್ಲ.’

‘ಅಂದ್ರೆ ಇಲಿಗಳಿಗೆ ಪಂಚಾಂಗ ನೋಡಿ ಕೂಗಬೇಕು.’ ಉಳಿದಿಬ್ಬರು ನಕ್ಕರು. ಅವರು ನಗಲಿಲ್ಲ. ‘ನೋಡಮ್ಮ, ನಾನು ವಾಪಸ್ ಹೋಗಿ ಏನಂತ ಬರೀಲಿ? ಇಲಿಗಳಿಗೆ ಸುಳ್ಳು ಹೇಳೋದು ಡಾಕ್ಟ್ರಿಗೆ ಇಷ್ಟ ಇಲ್ಲ ಅಂತ ಬರೆದ್ರೆ ಯಾರು ದುಡ್ಡು ಕೊಡ್ತಾರೆ?’

‘ಹಾಗೇ ಬರೀರಿ ಸರ್,’ ಮೇಡಂ ಅಂದರು. ಧ್ವನಿ ಸಣ್ಣಗಾಗಿತ್ತು.

ಅಧ್ಯಕ್ಷರು ಫೈಲು ಮುಚ್ಚಿ ಕಾರಿನ ಕಡೆ ತಿರುಗಿದರು. ಪೆಟ್ಟಿಗೆ ನನ್ನ ಕೈಯಲ್ಲಿತ್ತು. ಗೋದಾಮಿನ ಬೀಗ ಕಣ್ಣ ಮುಂದೆ ಬಂತು, ನಾನು ಗುಂಡಿ ಒತ್ತಿದೆ.

ನಮಗೇನೂ ಕೇಳಿಸಲಿಲ್ಲ. ಎರಡು ಉಸಿರಿನಷ್ಟು ಹೊತ್ತಿನ ಮೇಲೆ ಏರಿಯ ಮಣ್ಣು ಅಲ್ಲಾಡಿದ ಹಾಗಾಯಿತು. ಒಂದು ಬಿಲದಿಂದ, ಇನ್ನೊಂದರಿಂದ, ಅರವತ್ತು ಬಿಲಗಳಿಂದ ಇಲಿಗಳು ಹಾಡಹಗಲಲ್ಲೇ ಹೊರಬಿದ್ದು ಬದುಗುಂಟ ಸಾಲು ಹಿಡಿದವು. ತಾಯಂದಿರ ಬಾಯಲ್ಲಿ ಮರಿಗಳು. ನೋಡನೋಡುತ್ತ ದಿಬ್ಬದ ಕತ್ತಾಳೆ ಪೊದೆಗಳಲ್ಲಿ ಮಾಯವಾದವು. ಅಧ್ಯಕ್ಷರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಇನ್ನೂ ನೋಡುತ್ತಲೇ ಇದ್ದರು. ‘ಇದನ್ನ ಯಾಕಮ್ಮ ಬಚ್ಚಿಟ್ಟಿದ್ರಿ?’ ಅಂದರು. ಸಂತೋಷದಿಂದ ಎಳನೀರು ಕುಡಿದು ಹೊರಟರು.

ಮೇಡಂ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಏರಿಯ ಮೇಲೆ ಕೂತು ಎರಡು ಕೈಯಲ್ಲೂ ಹಣೆ ಹಿಡಿದುಕೊಂಡರು.

‘ಸಂಜೆಗೆ ಗಂಡುಗಳು ಬಂದು ನೋಡ್ತವೆ,’ ನಾನೆಂದೆ. ‘ಅಷ್ಟರೊಳಗೆ ನೀರು ಬಂದ್ರೆ ಸುಳ್ಳಾಗಲ್ಲ ಅಲ್ವಾ?’

ಯಜಮಾನರನ್ನು ಹುಡುಕಿಕೊಂಡು ಓಡಿದೆ. ತೂಬಿನ ಹತ್ತಿರ ಬೀಡಿ ಸೇದುತ್ತ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿ, ಒಂದೇ ಒಂದು ಗಳಿಗೆ ತೂಬು ಎತ್ತಿ ಎಂದೆ.

‘ಆಗಾಕಿಲ್ಲ ಕಣಮ್ಮಿ.’

‘ನಲವತ್ತು ಎಕರೆ ಓಯ್ತದೆ.’

‘ಇವತ್ತಿನ ನೀರು ಕೆಳಗಿನೂರೋರ್ದು. ಅವರ ಪೈರೂ ಹೊಡೆ ಬಿಚ್ತಾ ಐತೆ. ಇಪ್ಪತ್ತೇಳು ವರ್ಸದಲ್ಲಿ ಒಂದು ದಿವ್ಸ ಸರದಿ ತಪ್ಸಿಲ್ಲ, ನಿನ್ ಇಲಿಗೋಸ್ಕರ ತಪ್ಸಲಾ?’ ಬೀಡಿ ನೆಲಕ್ಕೆ ಒತ್ತಿ ಆರಿಸಿದರು. ಏರಿಯ ಕಡೆ ನೋಡಿ ಕೇಳಿದರು: ‘ಅವು ಬಂದು ನೋಡಾದು ಏನ? ನೀರನ್ನಾ, ಬಿಲನಾ?’

‘ಬಿಲನ.’

‘ಬಿಲ ಹಾಳಾಗಿದ್ರೆ?’

ನನಗೆ ಹೊಳೆಯಬೇಕಾಗಿದ್ದ ಮಾತು. ಇಲಿ ಹಿಡಿಯುವವನ ಮಗಳಿಗೆ ಅದನ್ನು ನೀರುಗಂಟಿ ಹೇಳಬೇಕಾಯಿತು. ಆದರೆ ಅರವತ್ತು ಬಿಲ ಅಗೆದರೆ ಏರಿ ಜರಡಿಯಾಗುತ್ತದೆ. ಎಂಟು ದಿನದೊಳಗೆ ಮತ್ತೆ ಕಟ್ಟಿ ಮುಚ್ಚದಿದ್ದರೆ ನೀರಿನ ದಿನ ನಾಲೆ ಒಡೆಯುತ್ತದೆ. ಏರಿ ಅವರ ಜವಾಬ್ದಾರಿ.

‘ಕಟ್ತೀನಿ ಬುಡು,’ ಎಂದು ಎದ್ದರು. ‘ಅಗೆಯಾ ಚನಿಕೆ ಎಲ್ಲಿ ಮಡಗಿದ್ದೀಯೆ?’

ನಾನು ಗದ್ದೆಯಿಂದ ಗದ್ದೆಗೆ ಹೋಗಿ ನನ್ನ ತಪ್ಪು ಹೇಳಿಕೊಂಡೆ. ಕರೀಗೌಡರು ಸೊಂಟದ ಮೇಲೆ ಕೈಯಿಟ್ಟು ಕೇಳಿದರು. ‘ಬಡ್ಡಿಹೈದಂದು, ಓಡ್ಸಿದವಳೂ ನೀನೇ, ಮನೆ ಕೆಡವ್ಸೋಳೂ ನೀನೇ. ನಾವ್ಯಾಕೆ ಸರ್ಕಾರದ ಇಲಿಗೆ ಮಣ್ಣು ಹೊರ್ಬೇಕು?’

‘ಸರ್ಕಾರದ ಇಲಿ ತಿನ್ನಾದು ನಿಮ್ ಭತ್ತನೇ ಗೌಡ್ರೆ.’

‘ಅದೂ ಸರಿ ಅನ್ನು,’ ಎಂದು ಗುದ್ದಲಿ ತರಲು ಹೋದರು.

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತು ಮಂದಿ ಸೇರಿದರು. ನಾನು ಬಿಲ ತೋರಿಸುತ್ತ ಹೋದೆ, ಅವರು ಅಗೆಯುತ್ತ ಬಂದರು. ಮೇಡಂ ಸೆರಗು ಸಿಕ್ಕಿಸಿ ಮಂಕರಿಯಲ್ಲಿ ಮಣ್ಣು ಹೊತ್ತರು. ಹೆಂಗಸರು ‘ಡಾಕ್ಟ್ರು ತಲೆ ಮೇಲೆ ಸಿಂಬಿ ಇಲ್ದೆ ಹೊರ್ತಾರಲ್ಲ’ ಎಂದು ನಕ್ಕು, ಬಟ್ಟೆ ಸುತ್ತಿ ಸಿಂಬಿ ಮಾಡಿಕೊಟ್ಟರು. ಬಿಲಗಳೊಳಗೆ ಹುಲ್ಲಿನ ಹಾಸಿಗೆ ಇನ್ನೂ ಬೆಚ್ಚಗಿತ್ತು. ಒಂದೊಂದರಲ್ಲಿ ಹಸಿ ತೆನೆ, ಜೋಡಿಸಿಟ್ಟ ಹಾಗೆ. ಎಷ್ಟು ಅಗೆದರೂ ಒಂದೂ ಇಲಿ ಸಿಗಲಿಲ್ಲ. ಎಲ್ಲವೂ ನಂಬಿ ಹೋಗಿದ್ದವು.

ಕೊನೆಗೆ ಉಳಿದದ್ದು ಎಲ್ಲ ದಾರಿಗಳೂ ಸೇರುವ ಬಿಲ. ಅದನ್ನು ನಾನೇ ಅಗೆಯುತ್ತೇನೆ ಎಂದೆ. ಮೊಳ ಆಳ ಹೋದ ಮೇಲೆ ಕೈಯಿಂದಲೇ ಮಣ್ಣು ತೆಗೆದೆ. ಒಳಗೆ, ಹುಲ್ಲಿನ ಮೇಲೆ, ಕಣ್ಣು ಬಿಡದ ನಾಲ್ಕು ಮರಿಗಳನ್ನು ಹೊಟ್ಟೆಗೆ ಅವುಚಿಕೊಂಡು ದೊಡ್ಡವ್ವ ಕೂತಿದ್ದಳು. ಹರಿದ ಕಿವಿ, ಬೆಳ್ಳಗಾದ ಮೀಸೆ. ಓಡಲಿಲ್ಲ.

‘ಮೇಡಂ,’ ಎಂದು ಕರೆದೆ.

ಅವರು ಬಂದು ಪಕ್ಕದಲ್ಲಿ ಮಂಡಿಯೂರಿದರು. ‘ಅವಳಿಗೆ ಗೊತ್ತು ತಾಯಮ್ಮ,’ ಅಂದರು. ‘ಎಲ್ಲರಿಗೂ ಅವಳ ಧ್ವನಿ ಕೇಳಿಸ್ತು. ತಾನು ಕೂಗಲಿಲ್ಲ ಅನ್ನೋದು ಅವಳೊಬ್ಬಳಿಗೇ ಗೊತ್ತು.’

ಮೂರು ವರ್ಷ ಓದಿದ ಗೆರೆಗಳಲ್ಲಿ ಇದು ನಮಗೆ ಕಂಡಿರಲಿಲ್ಲ. ಹಿಂದಿನ ಸಲಗಳಲ್ಲಿ ನೀರು ಬಂದೇ ಬಂದಿತ್ತು, ಅವಳೂ ಹೋಗಿರಬೇಕು. ಯಾವಾಗ ಹೋದಳೆಂದು ಯಾರು ನೋಡಿದ್ದರು?

ಮೇಡಂ ಮಣ್ಣು ಮೆತ್ತಿದ ಕೈಯಲ್ಲೇ ಫೋನು ತೆಗೆದರು. ನಾನು ಬೇಡ ಅನ್ನುವುದರೊಳಗೆ ಅಧ್ಯಕ್ಷರು ಆ ಕಡೆ ಹಲೋ ಅಂದಿದ್ದರು.

‘ಸರ್, ಬೆಳಿಗ್ಗೆ ನೀವು ನೋಡಿದ್ದು ಸುಳ್ಳು ಕೂಗು. ಒತ್ತಬಾರದಿತ್ತು, ಒತ್ತಿಬಿಟ್ವಿ. ಈಗ ಊರಿಗೆ ಊರೇ ಬಿಲ ಅಗೀತಿದೆ. ಸಂಜೆ ಅವು ವಾಪಸ್ ಬಂದ್ರೆ ಈ ಬೆಳೆ ಹೋಗುತ್ತೆ, ನಮ್ಮ ಪ್ರಯೋಗವೂ ಹೋಗುತ್ತೆ. ನಿಮ್ಮ ವರದಿಯಲ್ಲಿ ಇದೂ ಇರಬೇಕು.’

ನಾನು ಫೋನಿಗೆ ಕೇಳುವ ಹಾಗೆ, ‘ಒತ್ತಿದ್ದು ಚಿಕ್ಕತಾಯಮ್ಮ’ ಅಂದೆ.

‘ಯಾರಮ್ಮ ಅದು?’

‘ನಾನೇ ಸಾ. ಪೆಟ್ಟಿಗೆ ಹಿಡ್ಕೊಂಡಿದ್ದೋಳು.’

‘ನಮ್ಮ ಕಾರು ಇನ್ನೂ ಊರು ಸೇರಿಲ್ಲವಲ್ರಮ್ಮ,’ ಅಂದರು ಅವರು. ‘ಆಗಲಿ. ನಡೆದದ್ದು ನಡೆದ ಹಾಗೆ ಬರೆದು ಕಳಿಸಿ.’ ಬರೆದು ಕಳಿಸಿದ್ದಕ್ಕೆ ಉತ್ತರ ಬರಲು ಎರಡು ತಿಂಗಳಾಯಿತು; ಕೇಳಿದ್ದರಲ್ಲಿ ಅರ್ಧ ಕೊಟ್ಟರು, ಅದೂ ಒಂದು ವರ್ಷಕ್ಕೆ. ಆದರೆ ಆ ಹೊತ್ತಿನಲ್ಲಿ ಅದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಅವಳ ಬಿಲವನ್ನೂ ಹಾಳು ಮಾಡಲೇಬೇಕಿತ್ತು. ಹುಲ್ಲಿನ ಸಮೇತ ಅವಳನ್ನೂ ಮರಿಗಳನ್ನೂ ಮಂಕರಿಗೆ ಎತ್ತಿಕೊಂಡೆ. ಬೆರಳು ಕಚ್ಚಿದಳು, ರಕ್ತ ಬಂತು. ಬರಲೇಬೇಕಾದ್ದು. ಹಿಂದೆ ನಮ್ಮವರು ಕೊನೆಯ ಗುದ್ದಲಿ ಹಾಕಿದ ಸದ್ದು ಕೇಳಿಸಿತು. ಮಂಕರಿಯೊಳಗೆ ಅವಳು ಮೈ ಕುಗ್ಗಿಸಿಕೊಂಡಳು. ಮೇಡಂ ಸೆರಗು ಮುಚ್ಚಿ ನೆರಳು ಮಾಡಿದರು. ಇಬ್ಬರೂ ಬದುಗುಂಟ ನಡೆದು ದಿಬ್ಬ ಹತ್ತಿ, ಕತ್ತಾಳೆಯ ಬುಡದಲ್ಲಿ ಮಂಕರಿ ಓರೆಮಾಡಿ ಇಟ್ಟು, ದೂರ ಹೋಗಿ ಕೂತೆವು.

ಬಿಸಿಲು ಇಳಿಯುತ್ತಿತ್ತು. ಹೊಡೆಯ ವಾಸನೆ ಗಾಳಿಯಲ್ಲಿತ್ತು, ಹಾಲಿನ ಹಾಗೆ. ಪೊದೆಯಿಂದ ಎರಡು ಗಂಡಿಲಿಗಳು ಹೊರಬಂದು, ನಮ್ಮನ್ನು ಬಳಸಿಕೊಂಡು, ಬದುವಿನ ಮೇಲೆ ಏರಿಯ ಕಡೆ ಹೊರಟವು. ಅವುಗಳ ಹಿಂದೆ ನಾಲ್ಕು. ಅವುಗಳ ಹಿಂದೆ ಇನ್ನಷ್ಟು ತಲೆಗಳು ಹುಲ್ಲಿನಿಂದ ಎದ್ದವು. ಮುಂದಿನವು ಮಣ್ಣ ಗುಡ್ಡೆಗಳ ಹತ್ತಿರ ಹೋಗಿ ಮೂಸಿದವು, ಅತ್ತ ಇತ್ತ ಓಡಾಡಿದವು. ಓಡಿ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಹಸಿ ತೆನೆ ಚೆಲ್ಲಿತ್ತಲ್ಲ, ಅಲ್ಲೇ ನಿಂತವು. ಒಂದು ತಿನ್ನಲು ಕೂತಿತು.

‘ತೆನೆ ಎತ್ತಿಸ್ಬೇಕಿತ್ತು,’ ಮೇಡಂ ಪಿಸುಗುಟ್ಟಿದರು. ‘ಹೋಯ್ತು ತಾಯಮ್ಮ.’

ನಾನು ಮಂಕರಿಯ ಕಡೆ ನೋಡುತ್ತಿದ್ದೆ. ದೊಡ್ಡವ್ವ ಅಂಚಿಗೆ ಬಂದು ನಿಂತಿದ್ದಳು. ಮುಂಗಾಲಿನಿಂದ ಮುಖ ಒರೆಸಿಕೊಂಡಳು. ತನ್ನ ಮನೆಗೆ ಗುದ್ದಲಿ ಬಿದ್ದ ಏರಿಯ ಕಡೆಗೆ ಮೂತಿ ಎತ್ತಿದಳು. ಅವಳ ಪಕ್ಕೆ ಒಳಕ್ಕೆ ಹೋಯಿತು.

ಮೇಡಂ ಮಡಿಲಲ್ಲಿದ್ದ ಯಂತ್ರದ ಪರದೆಯ ಮೇಲೆ ಗೆರೆಯೊಂದು ಎತ್ತರಕ್ಕೆದ್ದು, ಮಟ್ಟಸವಾಗಿ ಸಾಗಿ, ಮೂರು ಸಲ ಕುಗ್ಗಿತು. ಕೂಗುಪೆಟ್ಟಿಗೆ ಗೋದಾಮಿನಲ್ಲಿತ್ತು, ಬೀಗದೊಳಗೆ. ಮೇಡಂ ನನ್ನ ಮೊಣಕೈ ಹಿಡಿದುಕೊಂಡರು. ಗೆರೆ ಮತ್ತೆ ಎದ್ದಿತು.

ತಿನ್ನುತ್ತಿದ್ದದ್ದು ತೆನೆ ಬಿಟ್ಟಿತು. ಒಂದು ತಿರುಗಿತು, ಎಲ್ಲವೂ ತಿರುಗಿದವು. ಬದುಗುಂಟ ನಮ್ಮ ಕಾಲಿನ ಪಕ್ಕದಲ್ಲೇ ಓಡಿಬಂದು, ಮಂಕರಿಯನ್ನು ಹಾದು ಪೊದೆಯೊಳಗೆ ಹೋದವು. ಅವಳು ಮರಿಗಳನ್ನು ಒಂದೊಂದಾಗಿ ಕಚ್ಚಿ ಒಯ್ದಳು. ನಾಲ್ಕು ಸಲ ಬಂದು ಹೋಗಿ, ಐದನೇ ಸಲ ಬರಲಿಲ್ಲ.

ಆಚೆ ಏರಿಯ ಮೇಲೆ ಯಜಮಾನರು ಆಗಲೇ ಮಣ್ಣು ತುಂಬಿ ತುಳಿಯಲು ಶುರುಮಾಡಿದ್ದರು. ನಮ್ಮ ಕಡೆ ತಿರುಗಿ ಬಾಯಿಗೆ ಕೈ ಅಡ್ಡ ಇಟ್ಟು ಕೂಗಿದರು.

‘ಏನಂತೆ ಅಮ್ಮಿ?’

‘ಬರಾಕಿಲ್ವಂತೆ,’ ಎಂದೆ ನಾನು. ಕಚ್ಚಿಸಿಕೊಂಡ ಬೆರಳನ್ನು ಮೇಡಂ ತಮ್ಮ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಿದ್ದರು.